ನಿಮ್ಮ ಗೋಡೆಯ ಮೇಲಿನ ಹೆಂಗಸು

ಕಸ್ತೂರಕ್ಕಾ, ನಿಮ್ಮ ಪಡಸಾಲೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡು ಕೂತಿರುವ ಹೆಂಗಸು ನಿಮ್ಮ ತಾಯಿ ಅಲ್ಲ. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾನು ಹೌದು ಎಂದೆ.

ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಈಗಲೂ ಈ ಮಾತು ಆಡಿ ಮುಗಿಸಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ. ರಜಿಯಾನ ಬಾಯಿಗೆ ಬ್ರೇಕ್ ಇಲ್ಲ ಎಂದು ನೀವೇ ನಗುತ್ತಿದ್ದಿರಿ. ಹೌದು, ಇಲ್ಲ. ಸಂತೆಯಲ್ಲಿ, ಗಿರಾಕಿಗಳ ಮುಂದೆ, ಗಂಡನ ಮುಂದೆ, ಎಲ್ಲೂ ಇಲ್ಲ. ಆದರೆ ಇದೊಂದು ವಿಷಯಕ್ಕೆ ಬಂದರೆ ಮಾತ್ರ ನನ್ನ ನಾಲಿಗೆ —

ಇರಲಿ. ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಯಾಕೆಂದರೆ ನಿಮಗೆ ಗೊತ್ತಿರುವ ಸಂಗತಿಗಳ ನಡುವೆಯೇ ನನ್ನ ಸುಳ್ಳು ಕೂತಿದೆ.

ನಾನು ಇಮಾಮಸಾಬರ ಹೆಂಡತಿಯಾಗಿ ಮುದ್ದೇಬಿಹಾಳಕ್ಕೆ ಬಂದಾಗ ನಮ್ಮದು ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಫೋಟೊ ಸ್ಟುಡಿಯೊ, ಅದಕ್ಕೆ ಅಂಟಿಕೊಂಡೇ ಮನೆ. ಪಕ್ಕದ ಬಾಗಿಲು ನಿಮ್ಮದು. ನಿಮ್ಮ ಯಜಮಾನರು ಆಗ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯಲ್ಲಿದ್ದರು. ನನ್ನ ಮೊದಲ ಹೆರಿಗೆಯ ಹೊತ್ತಿಗೆ ನನ್ನ ಅಮ್ಮಿ ಹಾಸಿಗೆ ಹಿಡಿದಿದ್ದಳು, ಅತ್ತೆ ಎಂದೋ ತೀರಿಕೊಂಡಿದ್ದರು. ನನ್ನ ಬಾಣಂತನ ಮಾಡಿದವರು ನೀವು. ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ನನ್ನ ಮಗನನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಿರಿ. ನಿಮ್ಮ ಎಡಗೈ ಹೆಬ್ಬೆರಳಿನ ಮಗ್ಗುಲಲ್ಲಿರುವ ಆರನೇ ಪುಟ್ಟ ಬೆರಳನ್ನು ಅವನು ಹಿಡಿದರೆ ಬಿಡುತ್ತಲೇ ಇರಲಿಲ್ಲ. "ಬಿಡೋ ಮಗನ, ಅದನ್ನೂ ಕಿತ್ಕೊಂಡು ಹೊಂಟಿಯೇನು?" ಎಂದು ನೀವು ಗದರಿದರೆ ಅವನು ನಗುತ್ತಿದ್ದ.

ಅಂಥ ಒಂದು ಮುಂಜಾನೆ, ಮಗುವಿಗೆ ಹೊಗೆ ಹಾಕುತ್ತಾ ನೀವು ನಿಮ್ಮ ತಾಯಿಯ ಸುದ್ದಿ ಹೇಳಿದಿರಿ. ನೀವು ಅಂಬೆಗಾಲು ಇಡುವ ಮುಂಚೆಯೇ ಗಂಗವ್ವ ತೀರಿಕೊಂಡಿದ್ದು. ಆಮೇಲೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೇ ಕೊಲ್ಹಾರ ಬಿಟ್ಟು ಹೊಸ ಊರಿಗೆ ಸಾಮಾನು ಸಾಗಿಸುವಾಗ ಅಪ್ಪನ ಟ್ರಂಕು ಹಾಳಾಗಿದ್ದು. ಅದರಲ್ಲಿ ತಾಯಿಯ ಫೋಟೊ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

"ಕನಸಿನ್ಯಾಗರ ಬರಬಾರದಾ ಅಕಿ?" ಎಂದಿರಿ. "ಬರ್ತಾಳ ರಜಿಯಾ. ಸೀರಿ ಕಾಣ್ತೈತಿ, ಕೈ ಕಾಣ್ತಾವ. ಮಾರಿ ಇರೂದುಲ್ಲ. ಮಾರಿ ಇರೋ ಕಡಿ ಬರೇ ಬಿಳೇದ ಇರ್ತೈತಿ."

ಮಾರಿ ಎಂದರೆ ಮುಖ — ನಮ್ಮ ಸೀಮೆಯ ಮಾತು. ತಾಯಿಯ ಮುಖವೇ ಗೊತ್ತಿಲ್ಲದವರು ನನ್ನ ಮಗನಿಗೆ ತಾಯಿಯಂತೆ ಎರೆಯುತ್ತಿದ್ದಾರಲ್ಲ ಎಂದು ಅಳು ಬಂದಿತ್ತು. ಆ ಅಳು ಸುಳ್ಳಲ್ಲ, ಅಕ್ಕಾ. ಮುಂದೆ ನಾನು ಮಾಡಿದ್ದನ್ನು ನೋಡಿದರೆ ಅದೂ ಸುಳ್ಳೇ ಅನಿಸಬಹುದು.

ನೀವು ಕೊಲ್ಹಾರಕ್ಕೆ ಮರಳಿ ಹೋದ ಮೇಲೆ ನಾನು ಕಂಪ್ಯೂಟರ್ ಕಲಿತೆ. ಫೋಟೊ ತೆಗೆಯುವುದು ನಮ್ಮ ಯಜಮಾನರ ಕೆಲಸ. ಆ ಫೋಟೊಗಳನ್ನು ಹಾಡಿನ ಜೊತೆ ಕೂಡಿಸಿ, ಒಂದಾದ ಮೇಲೊಂದು ಓಡಿಸುವುದು ನನ್ನದು. ಇದಕ್ಕೆ ನಮ್ಮ ಕಸುಬಿನಲ್ಲಿ ಮಿಕ್ಸಿಂಗ್ ಎನ್ನುತ್ತೇವೆ. ಹಳೆಯ ಸಾಫ್ಟ್‌ವೇರಿನಲ್ಲಿ ಒಂದೊಂದು ಫೋಟೊವನ್ನೂ ಕೈಯಿಂದಲೇ ಎಳೆದು ತಂದು ಕೂಡಿಸಬೇಕಿತ್ತು. ಯಾವುದು ಎಷ್ಟು ಹೊತ್ತು ನಿಲ್ಲಬೇಕು, ಹಾಡಿನ ಯಾವ ಏರಿಗೆ ಯಾವ ಮುಖ ಬರಬೇಕು, ಎಲ್ಲಾ ನಾವೇ ನೋಡಬೇಕು. ನಡುವೆ ಕಂಪ್ಯೂಟರ್ ನಿಂತುಬಿಟ್ಟರೆ ಮತ್ತೆ ಮೊದಲಿನಿಂದ. ಬೇಸರ ಬಂದು ನಾನು ಬೇರೆಯದನ್ನು ಹುಡುಕತೊಡಗಿದೆ. ಪುಕ್ಕಟೆ ಸಿಗುವ ಒಂದು, ಮದುಮಗಳ ಹಣೆಯ ಮೇಲೆಯೇ ತನ್ನ ಹೆಸರು ಬರೆಯುತ್ತಿತ್ತು. ಮೊಬೈಲಿನ ಇನ್ನೊಂದು, ಏನೇ ಕೊಟ್ಟರೂ ಗುಲಾಬಿ ದಳ ಸುರಿಸುತ್ತಿತ್ತು — ತಿಥಿಯ ಫೋಟೊಕ್ಕೂ! ಕೊನೆಗೆ ವಿಜಯಪುರದ ಒಂದು ಅಂಗಡಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು.

ಅದಕ್ಕೆ ಫೋಟೊ ಇಟ್ಟ ಜಾಗ ತೋರಿಸಿ ಹಾಡು ಕೊಟ್ಟರೆ ಸಾಕು. ಮುಖಗಳನ್ನು ಅದೇ ಗುರುತು ಹಿಡಿಯುತ್ತದೆ. ಒಂದೇ ಮುಖ ಚಿಕ್ಕಂದಿನಿಂದ ದೊಡ್ಡದಾಗುವವರೆಗಿನ ಫೋಟೊಗಳನ್ನು ಸಾಲಾಗಿ ಜೋಡಿಸುತ್ತದೆ. ಅಲುಗಿದ, ಮಂಜಾದ ಫೋಟೊಗಳನ್ನು ಆರಿಸಿ ಬದಿಗೆ ಸರಿಸುತ್ತದೆ. ತಾಳಕ್ಕೆ ಸರಿಯಾಗಿ ಮುಖ ಬದಲಿಸುತ್ತದೆ. ನಾನು ಹುಚ್ಚಾದೆ.

ನಮ್ಮವರಿಗೆ ಹಿಡಿಸಲಿಲ್ಲ. "ಯಾರ ಆದ ಮ್ಯಾಲ ಯಾರ ಬರಬೇಕು ಅನ್ನೂದು ಮನಿಯವರಿಗೆ ಗೊತ್ತಿರ್ತೈತಿ, ಕಂಪ್ಯೂಟರಿಗೇನ ಗೊತ್ತು?" ಎಂದರು.

"ನಿಮ್ಮದು ಅಜ್ಜನ ಕಾಲದ ಮಾತು ಬಿಡ್ರಿ" ಎಂದೆ ನಾನು. "ಸೀಜನ್ನಿನ್ಯಾಗ ನೀವ ಕುಂದ್ರತೀರೇನು ಕಂಪ್ಯೂಟರ್ ಮುಂದ?"

ಆಗ ಅವರು ಒಂದೇ ಮಾತು ಹೇಳಿದರು. "ಆತು. ಆದ್ರ ಕೊಡೂಕಿಂತ ಮೊದಲ ಹಾಡು ಬಂದ್ ಮಾಡಿ ಒಮ್ಮೆ ಪೂರಾ ನೋಡು." ಅದು ಅವರು ಮೊದಲಿನಿಂದ ಪಾಲಿಸಿದ ಪದ್ಧತಿ. ಹಾಡು ಇದ್ದರೆ ಕಣ್ಣು ಮೈಮರೆಯುತ್ತದೆ, ತಪ್ಪು ಕಾಣುವುದಿಲ್ಲ. ಸದ್ದಿಲ್ಲದೆ ನೋಡಿದರೆ ಒಂದೊಂದು ಮುಖವೂ ಎದುರಿಗೆ ಬಂದು ನಿಲ್ಲುತ್ತದೆ. ಆಯಿತು ಎಂದು ತಲೆಯಾಡಿಸಿದೆ. ಒಂದೆರಡು ಸಲ ಮಾಡಿದೆ ಕೂಡ.

ನಿಮ್ಮ ಮಗಳು ಸವಿತಾಳ ಕುಬಸ ಬಂತು. ಬಸವನ ಬಾಗೇವಾಡಿಯಲ್ಲಿ ಅವಳ ಗಂಡನ ಮನೆಯವರು ಮಂಗಲ ಕಾರ್ಯಾಲಯ ಹಿಡಿದಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಹೊತ್ತಿಗೆ, ದೊಡ್ಡ ಪರದೆಯ ಮೇಲೆ ನೀವು, ನಿಮ್ಮ ಮಗಳು, ಇಬ್ಬರ ಚಿಕ್ಕಂದಿನ ಫೋಟೊ ಹಾಡಿನ ಜೊತೆ ಓಡಬೇಕು ಎಂದು ಸವಿತಾಳ ಆಸೆ. ನೀವು ಒಂದು ಬಟ್ಟೆಯ ಗಂಟು ಹಿಡಿದು ಸ್ಟುಡಿಯೊಗೆ ಬಂದಿರಿ. ಇಂಡಿ ತಾಲೂಕಿನ ಸಾಲೋಟಗಿ ನಿಮ್ಮ ತಾಯಿಯ ತವರು. ಅಲ್ಲಿ ನಿಮ್ಮ ಸೋದರಮಾವ ತೀರಿಕೊಂಡ ಮೇಲೆ ಅವರ ಮಗ ಅಟ್ಟದ ಮೇಲಿನ ಹಳೇ ಫೋಟೊಗಳನ್ನೆಲ್ಲ ಕಟ್ಟಿ ನಿಮಗೆ ಕೊಟ್ಟಿದ್ದ.

"ನಾ ಎಲ್ಲಾ ನೋಡೇನಿ. ಯಾರು ಯಾರೋ ಒಂದೂ ತಿಳೀವಲ್ದು" ಎಂದಿರಿ. "ಕೆಲವಂತೂ ಹೆಬ್ಬಟ್ಟಿನಷ್ಟು ಅದಾವು. ನಿನ್ನ ಕಂಪ್ಯೂಟರಿನ್ಯಾಗ ದೊಡ್ಡದು ಮಾಡಿ ನೋಡವಾ. ಅವ್ವ ಅನ್ನಾಕಿ ಇದರಾಗ ಇದ್ರೂ ಇರಬಹುದು. ಕಣ್ಣಿಲೆ ನೋಡಿ ಗುರುತ ಹೇಳಾವರು ಯಾರೂ ಉಳಿದಿಲ್ಲ."

ಹೊರಡುವಾಗ ತಿರುಗಿ ಬಂದು ನನ್ನ ಗದ್ದ ಹಿಡಿದಿರಿ. "ಅವಸರ ಮಾಡಬ್ಯಾಡ. ಸಾವಕಾಶ ನೋಡು."

ಅಕ್ಕಾ, ನಾನು ಸಾವಕಾಶ ನೋಡಲಿಲ್ಲ. ಮದುವೆಯ ಸೀಜನ್ ಎಂದು ಹೇಳಬಹುದು, ಹೇಳುವುದಿಲ್ಲ. ನನಗೆ ಸಮಯ ಇತ್ತು. ಹೊಸ ಸಾಫ್ಟ್‌ವೇರ್ ಇದೆಯಲ್ಲ ಎಂಬ ಸೊಕ್ಕು ಇತ್ತು. ನಿಮ್ಮ ಗಂಟಿನ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ, ಹಳೇ ಫೋಟೊ ರಿಪೇರಿಯ ಫೈಲುಗಳು ಇದ್ದ ಜಾಗಕ್ಕೇ ಸುರಿದೆ. ಬೇರೆ ಊರಿನವರು, ಬೇರೆ ಮನೆಯವರು, ಹರಿದ ಫೋಟೊ ಸರಿಮಾಡಿಕೊಡಿ ಎಂದು ಕೊಟ್ಟವೂ ಅಲ್ಲೇ ಇದ್ದವು. ಕೊಳಲಿನ ಒಂದು ಜೋಗುಳದ ಧಾಟಿ ಆರಿಸಿ, ಜಾಗ ತೋರಿಸಿ, ನಾನು ಚಹಾ ಮಾಡಲು ಎದ್ದೆ. ಬರುವಷ್ಟರಲ್ಲಿ ಮುಗಿದಿತ್ತು. ಒಮ್ಮೆ ಓಡಿಸಿದೆ — ಹಾಡು ಹಚ್ಚಿಯೇ. ಕೊಳಲು ಏರುವಲ್ಲಿ ಮುಖ ಬದಲಾಗುವುದು ಎಷ್ಟು ಚೆಂದ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಯಾವ ಮುಖ ಎಂದು ನೋಡಲಿಲ್ಲ.

ಬಾಗೇವಾಡಿಯ ಆ ಕಾರ್ಯಾಲಯದಲ್ಲಿ ಲ್ಯಾಪ್‌ಟಾಪ್ ಮುಂದೆ ನಾನೇ ಕೂತಿದ್ದೆ. ಸವಿತಾಳ ಮಡಿಲಿಗೆ ಕೊಬ್ಬರಿ, ಉತ್ತತ್ತಿ ಬೀಳುತ್ತಿತ್ತು. ಪರದೆಯ ಮೇಲೆ ಸವಿತಾ ಚಿಕ್ಕವಳಾಗುತ್ತ ಬಂದಳು. ಆಮೇಲೆ ನೀವು, ನಿಮ್ಮ ಮದುವೆಯ ಫೋಟೊ, ಶಾಲೆಯ ಫೋಟೊ. ಅದಾದ ಮೇಲೆ ಕೊಳಲು ಏರಿತು, ಒಬ್ಬ ಹೆಂಗಸು ಬಂದಳು. ಕಪ್ಪು ಬಿಳುಪು ಫೋಟೊ. ತಲೆ ತುಂಬ ಸೆರಗು, ನೀಳ ಮೂಗು, ಗದ್ದದಲ್ಲಿ ಸಣ್ಣ ಗುಳಿ. ನೇರ ನೋಡುತ್ತಿದ್ದಳು.

ನಾನು ಆಕೆಯನ್ನು ಆ ಕ್ಷಣವೇ ಗುರುತಿಸಿದೆ. ಆಕೆಯ ಕೆನ್ನೆಯ ಮೇಲೆ ಹಾದಿದ್ದ ಮಡಿಕೆಯ ಗೆರೆಯನ್ನು ಅಳಿಸಿದ್ದು ನನ್ನ ಕೈ. ಸಿಂದಗಿಯ ಒಬ್ಬ ಮಾಸ್ತರರು ತಮ್ಮ ತಾಯಿಯ ಹರೆಯದ ಫೋಟೊ ಎಂದು ರಿಪೇರಿಗೆ ಕೊಟ್ಟದ್ದು. ನಿಮ್ಮ ಮುಖಕ್ಕೂ ಆಕೆಯ ಮುಖಕ್ಕೂ ಹೋಲಿಕೆ ಇತ್ತು, ಅದು ನಿಜ. ಸಾಫ್ಟ್‌ವೇರ್ ಇಬ್ಬರೂ ಒಬ್ಬರೇ ಎಂದು ತಿಳಿದು ನಿಮ್ಮ ಸಾಲಿನಲ್ಲಿ ಕೂಡಿಸಿತ್ತು.

ನೀವು ಎದ್ದು ನಿಂತಿರಿ. ಕೈಯಲ್ಲಿದ್ದ ಆರತಿ ತಟ್ಟೆಯನ್ನು ಯಾರ ಕೈಗೋ ಕೊಟ್ಟು, ಪರದೆಯ ಹತ್ತಿರ ಹೋದಿರಿ. ಫೋಟೊ ಬದಲಾಯಿತು. "ಹಿಂದ ತಗೋ! ರಜಿಯಾ, ಹಿಂದ ತಗೋ!" ಎಂದು ಕೂಗಿದಿರಿ. ನಾನು ಹಿಂದೆ ತಂದು ನಿಲ್ಲಿಸಿದೆ. ಹಾಡು ನಿಂತಿತು. ಆ ಹೆಂಗಸು ಗೋಡೆಯಷ್ಟು ಎತ್ತರಕ್ಕೆ ನಿಂತಿದ್ದಳು, ನೀವು ಆಕೆಯ ಗದ್ದದ ಕೆಳಗೆ.

"ಇಕಿ ನಮ್ಮವ್ವ ಹೌದಿಲ್ಲೋ?" ಎಂದು ಕೇಳಿದಿರಿ. "ಮಾವನ ಗಂಟಿನ್ಯಾಗ ಸಿಕ್ಕಳೇನ ಇಕಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಅಪ್ಪನ ಕಡೆಯ ಒಬ್ಬ ಮುದುಕಿ, ಕಣ್ಣು ಸರಿಯಾಗಿ ಕಾಣದವರು, ನಿಂತಲ್ಲಿಂದಲೇ ಕೈ ಎತ್ತಿದರು. "ಹೌದವಾ, ಅಕಿನ! ಗಂಗಿನ! ಆ ಮೂಗು ನೋಡಲ್ಲೆ!" ಎಂದರು. ನಾಲ್ಕಾರು ಹೆಂಗಸರು ತಾಯಿ ಮಗಳು ಒಂದೇ ಅಚ್ಚು ಎಂದರು. ಯಾರೋ ಅತ್ತರು. ನೀವು ನನ್ನ ಕಡೆಗೇ ನೋಡುತ್ತಿದ್ದಿರಿ. ಮುದುಕಿಯನ್ನು ನಂಬಲಿಲ್ಲ ನೀವು, ನನ್ನ ಬಾಯಿಂದ ಬರಬೇಕಿತ್ತು.

"ಹೌದ್ರೀ ಅಕ್ಕಾ" ಎಂದೆ.

ಅಷ್ಟೇ. ಆ ಎರಡು ಮಾತು. ಯಾಕೆ ಅಂದೆ ಎಂದು ನಾನೇ ನನ್ನನ್ನು ಎಷ್ಟು ಸಲ ಕೇಳಿಕೊಂಡಿದ್ದೇನೆ. ನಿಮ್ಮ ಸಂತೋಷ ಕೆಡಿಸಬಾರದು ಎಂದು — ಹಾಗೆ ಹೇಳಿಕೊಂಡರೆ ನನಗೆ ನಿದ್ದೆ ಬರಬೇಕಿತ್ತು, ಬರಲಿಲ್ಲ. ನಿಜ ಬೇರೆ. ಅಷ್ಟು ಜನರ ಮುಂದೆ, ತಪ್ಪು ಫೋಟೊ ಬಂದಿದೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೊಸ ಸಾಫ್ಟ್‌ವೇರ್ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿಮಗೆ ಸುಳ್ಳು ತಾಯಿಯನ್ನು ಕೊಟ್ಟೆ.

ಆಮೇಲೂ ದಾರಿ ಇತ್ತು. ಮರುದಿನ ಹೇಳಬಹುದಿತ್ತು. ನೀವೇ ಸ್ಟುಡಿಯೊಗೆ ಬಂದಿರಿ, ದೊಡ್ಡ ಪ್ರಿಂಟ್ ಬೇಕೆಂದು. ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಿಗೆ ಕೂತಿರಿ. "ಮುತ್ತೈದಿಯಾಗಿ ಹ್ವಾದಾಕಿ, ಹಣಿ ಬರಿದು ಇರಬಾರದು. ಕುಂಕುಮ ಹಚ್ಚವಾ" ಎಂದಿರಿ. ನಾನು ಕುಂಕುಮ ಹಚ್ಚಿದೆ. "ಸೀರಿ ಹಸರು ಮಾಡು." ಹಸಿರು ಮಾಡಿದೆ. "ಅಂಚು ಕೆಂಪು." ಕೆಂಪು ಮಾಡಿದೆ. ನಾನು ತಲೆ ಎತ್ತದೆ ಪರದೆಗೇ ಬಗ್ಗಿ ಕೂತಿದ್ದೆ. ನೀವು ಅದನ್ನು ಭಕ್ತಿ ಎಂದುಕೊಂಡಿರಿ. "ನಿನ್ನ ಕೈಯಾಗ ನಮ್ಮವ್ವಗ ಜೀವಾ ಬಂತು" ಎಂದು ನನ್ನ ಹಣೆಯ ಮೇಲೆ ಕೈ ಇಟ್ಟಿರಿ. ಮಿಕ್ಕ ಫೋಟೊಗಳ ಗಂಟನ್ನು ಕೊಡಲು ಹೋದರೆ, "ಇರ್ಲಿ ಬಿಡು, ಅವ್ವ ಸಿಕ್ಕಳಲ್ಲ, ಇನ್ನ ಅದರ ಕೆಲಸೇನೈತಿ" ಎಂದಿರಿ.

ಪ್ರಿಂಟ್ ಒಣಗುತ್ತಿದ್ದಾಗ ನಮ್ಮವರು ನೋಡಿ, "ಇದನ್ನ ನಾ ಎಲ್ಲೋ ನೋಡೇನಲ್ಲ" ಎಂದರು. "ಎಲ್ಲಿ ನೋಡೀರಿ? ದಿನಾ ಸಾವಿರ ಮಾರಿ ನೋಡ್ತೀರಿ, ತಲಿ ಕೆಟ್ಟೈತಿ ನಿಮ್ಮದು" ಎಂದು ಹರಿಹಾಯ್ದೆ. ಪಾಪ, ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಸವಿತಾಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕಿ ಗಂಗಾ ಎಂದು ಹೆಸರಿಟ್ಟಿರಿ. ಮಗುವನ್ನು ಎತ್ತಿ ಹಿಡಿದು ಗೋಡೆಯ ಫೋಟೊಕ್ಕೆ ತೋರಿಸಿದಿರಿ. ಮಗು ನೋಡಿತೋ ಇಲ್ಲವೋ, ನಾನು ನೋಡಿದೆ. ಆ ಹೆಂಗಸು ನೇರ ನನ್ನನ್ನೇ ನೋಡುತ್ತಿದ್ದಳು. ಅಕ್ಕಾ, ಫೋಟೊದವರು ಎಲ್ಲಿ ನಿಂತರೂ ನಮ್ಮನ್ನೇ ನೋಡಿದಂತೆ ಕಾಣುತ್ತಾರೆ, ಅದು ಕ್ಯಾಮೆರಾದ ಆಟ, ನನಗೆ ಗೊತ್ತು, ನನ್ನ ಕಸುಬೇ ಅದು. ಆದರೂ ಅವತ್ತಿನಿಂದ ನಿಮ್ಮ ಮನೆಗೆ ಬಂದರೆ ನಾನು ಪಡಸಾಲೆಯಲ್ಲಿ ಕೂರುವುದಿಲ್ಲ. ಸೀದಾ ಅಡುಗೆ ಮನೆಗೆ ಬರುತ್ತೇನೆ. ನಿಮಗೆ ಕೈ ಹಚ್ಚಲು ಬರುತ್ತೇನೆಂದು ನೀವು ತಿಳಿದಿದ್ದೀರಿ.

ಇಷ್ಟೇ ಆಗಿದ್ದರೆ ಹೇಗೋ — ಇಲ್ಲ, ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಒಂದು ದಿನ ಸಿಂದಗಿಯ ಆ ಮಾಸ್ತರರು ಮುದ್ದೇಬಿಹಾಳಕ್ಕೆ ನೆಂಟರ ಮನೆಗೆ ಬಂದವರು ಸ್ಟುಡಿಯೊಗೂ ಬಂದರು. ಅವರ ಹಿಂದೆ, ಕೋಲು ಊರಿಕೊಂಡು, ಒಬ್ಬ ಮುದುಕಿ. ಬೋಳು ಹಣೆ, ಕೆಂಪು ಪಟ್ಟೆಯ ಸೀರೆ. ನೀಳ ಮೂಗು. ಗದ್ದದಲ್ಲಿ ಗುಳಿ.

"ನನ್ನ ಫೋಟೊ ನೆಟ್ಟಗ ಮಾಡಿದಾಕಿ ನೀನ ಏನವಾ?" ಎಂದರು.

ಆಕೆ ಬದುಕಿದ್ದಳು. ಅಲ್ಲಿಯವರೆಗೆ ನಾನು ಆ ಮಾತನ್ನು ಯೋಚಿಸಿಯೇ ಇರಲಿಲ್ಲ. ಹಳೇ ಫೋಟೊ ಎಂದರೆ ಸತ್ತವರದ್ದು ಎಂದು ನಮ್ಮ ಕಸುಬಿನವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ರುಕ್ಮಾಬಾಯಿ ಅವರ ಹೆಸರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡನ್ನೂ ಕಲಸಿ ಮಾತಾಡುವವರು. ನನ್ನ ಎರಡೂ ಕೈ ಹಿಡಿದು, "ನನ್ನ ಹರೇದ ಮಾರಿ ನನಗ ಮರತ ಹೋಗಿತ್ತು. ನೀ ತಿರಿಗಿ ಕೊಟ್ಟೆವಾ. ಚಂದಾಗಿರು" ಎಂದರು. ಅವರ ಕೈ ಬೆಚ್ಚಗಿತ್ತು. ಆ ವಾರವೇ ನೀವು ಫೋನಿನಲ್ಲಿ ಜಗಳಾಡಿದ್ದಿರಿ — ಮಹಾನವಮಿ ಅಮಾವಾಸ್ಯೆಗೆ ಅವ್ವನಿಗೆ ಎಡೆ ಹಿಡಿದೆ, ಹೋಳಿಗೆ ಮಾಡಿದ್ದೆ, ನೀನು ಬರಲಿಲ್ಲ ಎಂದು. ಬದುಕಿರುವ ಒಬ್ಬ ಹೆಂಗಸಿನ ಮುಂದೆ ನೀವು ಹಿರಿಯರ ಎಡೆ ಇಟ್ಟಿದ್ದಿರಿ, ಹಾರ ಹಾಕಿದ್ದಿರಿ. ಹಾಗೆ ಮಾಡಿಸಿದವಳ ಕೈಯನ್ನೇ ಆ ಹೆಂಗಸು ಹಿಡಿದುಕೊಂಡು ಹರಸುತ್ತಿದ್ದರು.

ಅವತ್ತಿನಿಂದ ನನಗೆ ಒಂದು ಭಯ ಅಂಟಿತು. ಆಕೆಗೆ ಏನಾದರೂ ಆದರೆ ಅದು ನನ್ನಿಂದ ಎಂದು. ನಿಮ್ಮ ನಂಬಿಕೆ ಬೇರೆ, ನಮ್ಮದು ಬೇರೆ, ಫೋಟೊಕ್ಕೆ ಹಾರ ಹಾಕಿದರೆ ಯಾರೂ ಸಾಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಮಾಜಿಗೆ ಕೂತರೂ ಅದೇ ಮುಖ. ಏನೋ ನೆಪ ಮಾಡಿ ಮಾಸ್ತರರಿಗೆ ಫೋನ್ ಹಚ್ಚುತ್ತೇನೆ, "ಅವ್ವಾರು ಅರಾಮ ಅದಾರೇನ್ರಿ?" ಎಂದು. ಯಾರೋ ಫೋಟೊದವಳಿಗೆ ತಮ್ಮ ತಾಯಿಯ ಮೇಲೆ ಇಷ್ಟು ಅಂತಃಕರಣ ಎಂದು ಅವರಿಗೆ ಸಂತೋಷ. ಆಕೆಗೆ ಜ್ವರ ಎಂದು ಕೇಳಿದರೆ ನನಗೆ ಊಟ ಇಳಿಯುವುದಿಲ್ಲ.

ಹೇಳಿಬಿಡೋಣ ಎಂದು ಆಗ ಗಟ್ಟಿ ಮನಸ್ಸು ಮಾಡಿದೆ. ಬರಿಗೈಯಲ್ಲಿ ಹೇಗೆ ಹೋಗಲಿ? ನಿಮ್ಮ ನಿಜವಾದ ತಾಯಿ ಆ ಗಂಟಿನಲ್ಲಿ ಇದ್ದರೆ, ಆಕೆಯನ್ನು ಕರೆದುಕೊಂಡೇ ಹೋಗಬೇಕು ಎಂದುಕೊಂಡೆ. ನೀವು ಹೇಳಿದ್ದ ಕೆಲಸವನ್ನು ಆಗ ಮಾಡಿದೆ — ಸಾವಕಾಶ, ಒಂದೊಂದನ್ನೇ, ಕೈಯಿಂದ. ಸಾಫ್ಟ್‌ವೇರ್ ಕೆಟ್ಟವೆಂದು ಬದಿಗೆ ಸರಿಸಿದ್ದ ರಾಶಿಯನ್ನೂ ತೆರೆದೆ.

ಅದರಲ್ಲಿತ್ತು. ಹೆಬ್ಬಟ್ಟಿನಷ್ಟು ಸಣ್ಣ ಫೋಟೊ. ಸಾಲೋಟಗಿಯ ಮನೆಯ ಅಂಗಳ, ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡು ನಿಂತ ಹರೆಯದ ನಿಮ್ಮ ಮಾವ. ಗಂಟಿನ ಬೇರೆ ಫೋಟೊಗಳಲ್ಲೂ ಅವರು ಇದ್ದುದರಿಂದ ಗುರುತು ಸಿಕ್ಕಿತು. ನಡುವೆ ಒಬ್ಬ ಹೆಂಗಸು, ಎಳೆ ಕೂಸನ್ನು ಎತ್ತಿಕೊಂಡು. ಕೂಸು ಆಕೆಯ ಸೆರಗು ಹಿಡಿದಿತ್ತು. ದೊಡ್ಡದು ಮಾಡುತ್ತ ಹೋದೆ. ಕೂಸಿನ ಎಡಗೈ. ಹೆಬ್ಬೆರಳು. ಅದರ ಮಗ್ಗುಲಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಬೆರಳು.

ನನ್ನ ಮಗನಿಗೆ ಎರೆದ ಕೈ ಅದು. ನಾನು ಜೋರಾಗಿ ಅತ್ತುಬಿಟ್ಟೆ. ಗಂಗವ್ವ ಸಿಕ್ಕಿದ್ದಳು.

ಆದರೆ ಅಕ್ಕಾ, ಆಕೆಯ ಮುಖ ಇರಲಿಲ್ಲ. ಫೋಟೊ ತೆಗೆಯುವ ಗಳಿಗೆಯಲ್ಲಿ ಆಕೆ ತಲೆ ತಿರುಗಿಸಿದ್ದಳು. ಆ ಕಾಲದ ಕ್ಯಾಮೆರಾಕ್ಕೆ ಅಲುಗಾಡಿದ್ದು ಸಿಗುತ್ತಿರಲಿಲ್ಲ. ಸೀರೆ ಇತ್ತು, ಬಳೆ ತೊಟ್ಟ ಕೈಗಳಿದ್ದವು. ಮುಖದ ಜಾಗದಲ್ಲಿ ಬಿಳಿಯ ಮಂಜು. ನಿಮ್ಮ ಕನಸು ಅಲ್ಲಿ ಹಾಗೆಯೇ ನಿಂತಿತ್ತು. ಮುಖ ಸಿಗದ ಕಾರಣಕ್ಕೆ ಸಾಫ್ಟ್‌ವೇರ್ ಆಕೆಯನ್ನು ಆಚೆಗೆ ಹಾಕಿತ್ತು.

ಮತ್ತು ನಾನು — ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು, ಅಕ್ಕಾ, ಇದನ್ನು ಬಾಯಿ ತಪ್ಪಿ ಮಾಡಲಿಲ್ಲ — ನಾನು ಆ ಫೋಟೊ ಮುಚ್ಚಿಟ್ಟೆ. ಮುಖವಿರುವ ತಾಯಿಯನ್ನು ಕಿತ್ತುಕೊಂಡು ಮುಖವಿಲ್ಲದ ತಾಯಿಯನ್ನು ಹೇಗೆ ಕೊಡಲಿ ಎಂದು ನೆಪ ಹೇಳಿಕೊಂಡೆ. ನಿಮ್ಮ ಗಂಟನ್ನು ಚೆನ್ನಾಗಿ ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಕೊಲ್ಹಾರಕ್ಕೆ ತಂದುಕೊಟ್ಟೆ. ಅದೊಂದನ್ನು ತೆಗೆದುಕೊಂಡು. ನೀವು ಗಂಟು ಬಿಚ್ಚಲಿಲ್ಲ. ಕೃಷ್ಣೆಯ ಮೀನು ಬಂದಿದೆ, ನಮ್ಮ ಮನೆಯಲ್ಲಿ ಮಾಡುವುದಿಲ್ಲ, ನೀ ಒಯ್ದು ಮಾಡಿಕೋ ಎಂದು ಪಕ್ಕದ ಮನೆಯಿಂದ ನನಗೆ ಮೀನು ಕೊಡಿಸಿ ಕಳಿಸಿದಿರಿ. ಹಳೇ ಕೊಲ್ಹಾರ ಮುಳುಗಿಸಿದ ಹಿನ್ನೀರಿನ ಮಗ್ಗುಲಿಂದ ಬಸ್ಸು ಹೋಗುವಾಗ ಆ ಚೀಲ ಮಡಿಲಲ್ಲಿಟ್ಟುಕೊಂಡು ನಾನು ನೀರಿನತ್ತ ನೋಡಲಿಲ್ಲ.

ಈಗ ಸವಿತಾ ಮೆಸೇಜ್ ಹಾಕಿದ್ದಾಳೆ. "ಆಂಟಿ, ಫೋಟೊದಾಗಿನವರು ನಗೂ ಹಂಗ ಮಾಡೋ ಆ್ಯಪ್ ಬಂದಾವಂತಲ್ರಿ. ಛಲೋದು ಒಂದು ಆರಿಸಿ ಅಮ್ಮನ ಅವ್ವನ್ನ ನಗಿಸಿ ಕೊಡ್ರಿ. ಗಂಗಾನ ಹುಟ್ಟಹಬ್ಬಕ್ಕ ಹಾಡು ಹಾಕಿ ತೋರಸೂಣು. ಅಮ್ಮಗ ಹೇಳಿಲ್ಲ." ಮತ್ತೆ ಅದೇ ಕೆಲಸ, ಮತ್ತೆ ಸಾಫ್ಟ್‌ವೇರ್ ಆರಿಸುವುದು. ನಾನು ಇಲ್ಲ ಎನ್ನಬೇಕಿತ್ತು. ಕೆಟ್ಟ ಚಾಳಿ, ಒಂದು ಆ್ಯಪ್ ಇಳಿಸಿಕೊಂಡೆ. ನಾನೇ ಕುಂಕುಮ ಹಚ್ಚಿದ ಆ ಫೋಟೊವನ್ನು ಕೊಟ್ಟೆ.

ಆಕೆ ರೆಪ್ಪೆ ಬಡಿದಳು. ಕತ್ತು ಸ್ವಲ್ಪ ವಾಲಿಸಿ, ನನ್ನತ್ತ ನೋಡಿ, ನಕ್ಕಳು.

ರುಕ್ಮಾಬಾಯಿಯ ನಗು ನಾನು ಕಂಡಿದ್ದೇನೆ, ಅದು ಹಾಗಿಲ್ಲ. ಆ ನಗು ಆಕೆಯದಲ್ಲ, ಗಂಗವ್ವನದಲ್ಲ, ಈ ಭೂಮಿಯ ಮೇಲಿನ ಯಾರದ್ದೂ ಅಲ್ಲ. ನಿಮ್ಮ ಮೊಮ್ಮಗಳು ಆ ನಗುವನ್ನು ನೋಡಿ ಮುತ್ತಜ್ಜಿ ಎಂದು ಕೈ ಬೀಸುತ್ತಾಳೆ, ಜೀವಮಾನವಿಡೀ ಅದನ್ನೇ ನೆನಪಿಟ್ಟುಕೊಳ್ಳುತ್ತಾಳೆ. ಮೊಬೈಲನ್ನು ಬೋರಲು ಹಾಕಿದೆ. ಇನ್ನು ಆಗುವುದಿಲ್ಲ, ಅಕ್ಕಾ. ಇನ್ನು ನನ್ನ ಕೈಲಿ ಆಗುವುದಿಲ್ಲ.

ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಎದ್ದು ಸ್ಟುಡಿಯೊದ ಬಾಗಿಲು ಹಾಕಿ ಬಂದರು ಅವರು. ಆಮೇಲೆ "ಮೊದಲ ಕೊಲ್ಹಾರಕ್ಕ ಹೋಗು. ಆಮ್ಯಾಲ ಸಿಂದಗಿಗೆ. ನಾ ಸಂಗಾಟ ಬರ್ತೇನಿ" ಎಂದರು. ಬೇಡ ಎಂದೆ. ಹೌದು ಎಂದಾಗ ನಾನು ಒಬ್ಬಳೇ ಇದ್ದೆ, ಈಗಲೂ ಒಬ್ಬಳೇ ಬರುತ್ತೇನೆ. ರುಕ್ಮಾಬಾಯಿಯವರ ಮುಂದೆಯೂ ಕೂತು ಹೇಳಬೇಕು. ಅವರು ಏನೆನ್ನುತ್ತಾರೋ, ಕೇಳಿಕೊಳ್ಳುತ್ತೇನೆ.

ನಾಳೆ ಮುಂಜಾನೆಯ ಬಸ್ಸಿಗೆ ನಿಮ್ಮಲ್ಲಿಗೆ ಬರುತ್ತೇನೆ. ಈ ಸಲ ಅಡುಗೆ ಮನೆಗೆ ಹೋಗುವುದಿಲ್ಲ, ಪಡಸಾಲೆಯಲ್ಲೇ ಕೂರುತ್ತೇನೆ. ನೀವು ನನ್ನನ್ನು ಬೈಯಿರಿ, ಹೊರಗೆ ಹಾಕಿರಿ, ಮತ್ತೆ ನನ್ನ ಮುಖ ನೋಡುವುದಿಲ್ಲ ಎನ್ನಿರಿ. ಕ್ಷಮಿಸಿ ಎಂದು ಕೇಳಲು ನನಗೆ ಬಾಯಿ ಇಲ್ಲ. ನಿಮ್ಮ ತಾಯಿಯನ್ನು ನಿಮಗೆ ಎರಡನೇ ಸಲ ಇಲ್ಲದಂತೆ ಮಾಡಿದವಳು ನಾನು.

ಆ ಸಣ್ಣ ಫೋಟೊ ತರುತ್ತಿದ್ದೇನೆ. ಅದಕ್ಕೆ ಕಟ್ಟು ಹಾಕಿಲ್ಲ, ಬಣ್ಣ ಹಚ್ಚಿಲ್ಲ. ಮಂಜಾದ ಮುಖವನ್ನು ಸ್ಪಷ್ಟ ಮಾಡಿಕೊಡುವ ಸಾಫ್ಟ್‌ವೇರುಗಳೂ ಈಗ ಬಂದಿವೆ. ಒಂದು ಬಟನ್ ಒತ್ತಿದರೆ ಕಣ್ಣು, ಮೂಗು, ತುಟಿ, ಎಲ್ಲಾ ತಾವೇ ಬರೆದುಕೊಡುತ್ತವೆ. ನಾನು ಒತ್ತಿಲ್ಲ. ನಿಮ್ಮ ತಾಯಿ ಇದ್ದ ಹಾಗೆಯೇ ಬರುತ್ತಾಳೆ. ಮುಖ ಕಾಣುವುದಿಲ್ಲ, ಅಕ್ಕಾ. ಆದರೆ ಅಂದು ಆ ಅಂಗಳದಲ್ಲಿ ಕ್ಯಾಮೆರಾ ಎದುರಿಗಿದ್ದರೂ ಆಕೆ ಅತ್ತ ನೋಡಿಲ್ಲ. ನೀವು ಸೆರಗು ಎಳೆದಿದ್ದೀರಿ, ಆಕೆ ತಿರುಗಿ ನಿಮ್ಮನ್ನು ನೋಡುತ್ತಿದ್ದಾಳೆ.